ಒಂದು ಎಕರೆ ಮೂವತ್ತೊಂಬತ್ತು ಗುಂಟೆ

ಮೇಷ್ಟ್ರು, ಕಂಡಕ್ಟರು, ಲೈನ್‌ಮ್ಯಾನು, ಕಾಂಪೌಂಡರು ಇವರಿಗೆಲ್ಲ ಊರಿನಲ್ಲಿ ಒಂದು ಸುಖವಿದೆ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ನನಗೆ ಆ ಭಾಗ್ಯವಿಲ್ಲ. ನಾನು ಡೇಟಾಬೇಸ್ ನೋಡಿಕೊಳ್ಳುವವಳು. ನಮ್ಮೂರು ರಾಮಗಿರಿಯಲ್ಲಿ ಈ ಮಾತು ಹೇಳಿದರೆ ಎದುರಿನವರು ಮೊದಲು ಸುಮ್ಮನಾಗುತ್ತಾರೆ. ಆಮೇಲೆ, "ಕಂಪ್ಯೂಟ್ರು ರಿಪೇರಿನಾ?" ಎನ್ನುತ್ತಾರೆ. ಅಲ್ಲ ಎಂದರೆ, "ಡಿಟಿಪಿನಾ?" ಅದೂ ಅಲ್ಲ ಎಂದರೆ, ಪಾಪ, ಇವಳಿಗೆ ಸರಿಯಾದ ಕೆಲಸ ಸಿಕ್ಕಿಲ್ಲ, ಹೇಳಿಕೊಳ್ಳಲು ನಾಚಿಕೊಳ್ಳುತ್ತಿದ್ದಾಳೆ ಎಂದು ಮಾತು ಬದಲಾಯಿಸುತ್ತಾರೆ. ದೊಡ್ಡಪ್ಪ ಮಾತ್ರ ಬಿಡಲಿಲ್ಲ.

"ನೋಡ್ಕಳದು ಅಂದ್ರೆ ಏನವ್ವಾ? ಅದೇನು ಹುಲ್ಲು ನೀರು ಕೇಳ್ತದಾ?"

ಕೇಳುತ್ತದೆ ದೊಡ್ಡಪ್ಪ, ರಾತ್ರಿ ಹೊತ್ತು ಇನ್ನೂ ಜಾಸ್ತಿ ಕೇಳುತ್ತದೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ನಾಡಕಚೇರಿಯಲ್ಲಿ ಪಹಣಿ ಕೇಳಿದರೆ ಪ್ರಿಂಟು ತೆಗೆದು ಕೊಡುತ್ತಾರಲ್ಲ, ಪ್ರಿಂಟು ತೆಗೆಯುವ ಮುಂಚೆ ಅದು ಎಲ್ಲೋ ಒಂದು ಕಡೆ ಇರಬೇಕಲ್ಲ, ಅಂಥದ್ದು ಇರುವ ಜಾಗವನ್ನು ಕಾಯುವುದು, ಕೇಳಿದವರಿಗೆ ಬೇಗ ಸಿಗುವ ಹಾಗೆ ಜೋಡಿಸುವುದು, ಕೇಳಬಾರದವರಿಗೆ ಸಿಗದ ಹಾಗೆ ಬೀಗ ಹಾಕುವುದು, ಸುಟ್ಟರೆ ಮುಳುಗಿದರೆ ಇನ್ನೊಂದು ಪ್ರತಿ ಇಟ್ಟಿರುವುದು, ಇಷ್ಟು ನನ್ನ ಕೆಲಸ ಎಂದೆ. ದೊಡ್ಡಪ್ಪ ಎಲೆಗೆ ಸುಣ್ಣ ಸವರುತ್ತ, "ಹಂಗಾದ್ರೆ ಶಾನುಭೋಗ್ರು ಅನ್ನು" ಎಂದು ತೀರ್ಪು ಕೊಟ್ಟರು.

ಈ ನೇಮಕಾತಿಯನ್ನು ನಾನು ಒಪ್ಪಿಕೊಂಡಿದ್ದೇನೆ, ಸ್ವಲ್ಪ ಅಳುಕಿನಿಂದಲೇ. ಶಾನುಭೋಗರ ಬಗ್ಗೆ ಹಿರಿಯರು ಹೇಳುವ ಕಥೆಗಳೆಲ್ಲ ಒಳ್ಳೆಯವೇನಲ್ಲ. ಹಿಂದೆ ಹುಣಸೆಬೀಜದ ಸರಿಗೆ ಇದ್ದಿಲು ಬೆರೆಸಿ ಬಟ್ಟೆಗೆ ಬಳಿದು, ಕಪ್ಪಗೆ ಗಟ್ಟಿಯಾದ ಆ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ ಕಡತ ಮಾಡುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಲೆಕ್ಕ. ಬಹಳ ಕಾಲ ಬಾಳುವ ವಸ್ತು, ಬೇಕಾದರೆ ಒರೆಸಿ ತಿದ್ದಲೂ ಬಹುದು. ಒರೆಸಿದ್ದು ಯಾರು, ಯಾವಾಗ, ಮುಂಚೆ ಅಲ್ಲಿ ಏನಿತ್ತು ಎಂಬುದು ಮಾತ್ರ ಅದರಲ್ಲಿ ಉಳಿಯುವುದಿಲ್ಲ. ಹುದ್ದೆ ಮನೆತನದ್ದು, ಓದಲು ಬರುವುದು ಅವರೊಬ್ಬರಿಗೆ, ಪುಸ್ತಕವೂ ಅವರ ಮನೆಯಲ್ಲೇ. 1961ರ ಕಾಯ್ದೆ ಈ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕಿತು. ಆಮೇಲೆ ಸಂಬಳದ ಗ್ರಾಮಲೆಕ್ಕಿಗರು ಬಂದರು, ಪುಸ್ತಕ ಅವರ ಚೀಲಕ್ಕೆ ಹೋಯಿತು. ರೈತ ಪಹಣಿಗಾಗಿ ಆ ಚೀಲದ ಹಿಂದೆ ಓಡಾಡಿದ.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಈ ಚೀಲವನ್ನು ಬರಿದು ಮಾಡಿತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ಹೆಸರುಗಳು, ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹ, ಎಲ್ಲವನ್ನೂ ತಾಲ್ಲೂಕು ತಾಲ್ಲೂಕಾಗಿ ಕಂಪ್ಯೂಟರಿಗೆ ಹತ್ತಿಸಿದರು. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿ ಅದರ ಬೆನ್ನಿಗಿದ್ದರು, ತಂತ್ರಾಂಶ ಎನ್‌ಐಸಿಯವರದು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಎಂದೂ ಸಾರಿದರು. ನನ್ನ ಕಸುಬಿನ ಕಣ್ಣಿನಿಂದ ನೋಡಿದರೆ ಅದರಲ್ಲಿ ಎರಡು ಸಂಗತಿಗಳು ಜಾಣತನದವು. ಮ್ಯುಟೇಷನ್ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು, ನಡುವೆ ಯಾರನ್ನೂ ನುಗ್ಗಿಸುವ ಹಾಗಿಲ್ಲ. ಇನ್ನೊಂದು, ದಾಖಲೆ ಮುಟ್ಟುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು. ಕಡತದ ಬಟ್ಟೆಯನ್ನು ಒರೆಸಿದವರು ಯಾರೆಂದು ಕೇಳಿದರೆ ಉತ್ತರವಿರಲಿಲ್ಲ. ಇಲ್ಲಿ "ನಾನಲ್ಲ" ಎನ್ನುವುದು ಕಷ್ಟ.

ಆದರೆ ಹತ್ತಿಸುವಾಗ ಏನಾಗುತ್ತದೆಂದರೆ, ಪುಸ್ತಕದಲ್ಲಿದ್ದ ತಪ್ಪೂ ಅಷ್ಟೇ ನಿಷ್ಠೆಯಿಂದ ಹತ್ತುತ್ತದೆ. ಕಾಗದದಲ್ಲಿದ್ದಾಗ ಅದು ಗ್ರಾಮಲೆಕ್ಕಿಗರ ಕೈಬರಹದ ಮರೆಯಲ್ಲಿ ತಲೆತಗ್ಗಿಸಿ ಕೂತಿರುತ್ತಿತ್ತು. ಅಚ್ಚಾದ ಮೇಲೆ ಅದಕ್ಕೊಂದು ಗತ್ತು ಬರುತ್ತದೆ. ಡೇಟಾಬೇಸ್ ಕೆಲಸ ಎಂದರೆ ಬಹುಪಾಲು ಈ ಗತ್ತಿನ ಜೊತೆ ಗುದ್ದಾಟ. ಮೆಷಿನ್ನಿನ ಭಾಗ ಕಡಿಮೆ, ಅದನ್ನು ಯಾರು ಬೇಕಾದರೂ ಒಂದೆರಡು ವರ್ಷದಲ್ಲಿ ಕಲಿಯಬಹುದು. ಜನ ತಮ್ಮ ಹೆಸರು, ದಿನ, ನೆಲ ಇವನ್ನು ಹೇಗೆ ಇಟ್ಟುಕೊಂಡಿರುತ್ತಾರೆ ಎಂಬುದನ್ನು ಕಲಿಯಲು ಮಾತ್ರ ಕೋರ್ಸಿಲ್ಲ. ನನಗೆ ಅದು ಸಿಕ್ಕಿದ್ದು ಊರಿನಲ್ಲಿ, ಫೀಸಿಲ್ಲದೆ.

ಹೆಸರಿನಿಂದಲೇ ಶುರು ಮಾಡೋಣ. ನಮ್ಮ ಬೆಟ್ಟದ ಮೇಲೆ ಕರಿಸಿದ್ದೇಶ್ವರ ಇರುವುದರಿಂದ ಕೆಳಗೆ ಮನೆಗೊಬ್ಬ ಸಿದ್ದಪ್ಪ. ಸಿದ್ದೇಶ, ಸಿದ್ದಮ್ಮ, ಕರಿಸಿದ್ದಪ್ಪ ಎಲ್ಲ ಸೇರಿದರೆ ಹಾಜರಿ ಪುಸ್ತಕದ ಒಂದು ಪುಟ ಅವರದೇ. ನಾಯಕನಹಟ್ಟಿ ಕಡೆಗೆ ಹೋದರೆ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ. ದೇವರು ಒಬ್ಬನೇ ಇದ್ದಾಗ ಹೆಸರಿಗೆ ಬರ ಬರುವುದು ಸಹಜ. ಡೇಟಾಬೇಸಿನವರಿಗೆ ಇದು ಬರೀ ತಮಾಷೆಯಲ್ಲ. ಹುಡುಕುವ ಕೆಲಸ ಬೇಗ ಆಗಲೆಂದು ನಾವು ಇಂಡೆಕ್ಸ್ ಕಟ್ಟುತ್ತೇವೆ. ಮಂಗಳೂರಿನ ಪಟ್ಟಿಯಲ್ಲಿ ತಿಪ್ಪೇಸ್ವಾಮಿಯನ್ನು ಹುಡುಕಿದರೆ ಇಂಡೆಕ್ಸ್ ನೇರವಾಗಿ ಆ ನಾಲ್ಕಾರು ಜನರ ಮುಂದೆ ತಂದು ನಿಲ್ಲಿಸುತ್ತದೆ. ನಾಯಕನಹಟ್ಟಿಯ ಪಟ್ಟಿಯಲ್ಲಿ ಅದೇ ಹೆಸರನ್ನು ಅದೇ ಇಂಡೆಕ್ಸ್ ಹಿಡಿದು ಹುಡುಕಿದರೆ ಹೆಜ್ಜೆಗೊಬ್ಬರು ಸಿಕ್ಕಿ ಹೋಗಿ ಬರುವ ದಾರಿಯೇ ಉದ್ದವಾಗುತ್ತದೆ; ಅದರ ಬದಲು ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿಬಿಡುವುದೇ ಲೇಸು. ಯಾವ ದಾರಿ ಹಿಡಿಯಬೇಕೆಂದು ಡೇಟಾಬೇಸ್ ತನಗೆ ಗೊತ್ತಿರುವ ಅಂಕಿಅಂಶದ ಮೇಲೆ ಅಂದಾಜು ಮಾಡುತ್ತದೆ. ಆ ಅಂಕಿಅಂಶ ಹಳೆಯದಾಗಿದ್ದರೆ ಅಂದಾಜೂ ಕೆಡುತ್ತದೆ. ನಿನ್ನೆ ಕ್ಷಣದಲ್ಲಿ ಬರುತ್ತಿದ್ದ ಉತ್ತರ ಇವತ್ತು ಯಾಕೆ ಬರುತ್ತಿಲ್ಲ ಎಂದು ಆಫೀಸಿನಿಂದ ಫೋನು ಬಂದಾಗೆಲ್ಲ ನಾನು ಮೊದಲು ನೋಡುವುದು ಇದನ್ನೇ.

ಹೆಸರು ಸಾಲದಿದ್ದರೆ ತಂದೆಯ ಹೆಸರು ಸೇರಿಸೋಣ ಎನ್ನುತ್ತೀರಿ. ಪಹಣಿಯ 9ನೇ ಕಾಲಂ ಮಾಡುವುದೂ ಅದನ್ನೇ: ಸಿದ್ದಪ್ಪ ಬಿನ್ ಹಾಲಪ್ಪ, ರುದ್ರಮ್ಮ ಕೋಂ ಲೇಟ್ ಸಿದ್ದಪ್ಪ. ಆದರೆ ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರು. ತಾತ ಸಿದ್ದಪ್ಪ ಬಿನ್ ಹಾಲಪ್ಪ, ಮಗ ಹಾಲಪ್ಪ ಬಿನ್ ಸಿದ್ದಪ್ಪ, ಮೊಮ್ಮಗ ಮತ್ತೆ ಸಿದ್ದಪ್ಪ ಬಿನ್ ಹಾಲಪ್ಪ. ತೀರಿಕೊಂಡ ತಾತನೂ ಟ್ರ್ಯಾಕ್ಟರ್ ಓಡಿಸುವ ಮೊಮ್ಮಗನೂ ದಾಖಲೆಯಲ್ಲಿ ಒಬ್ಬರೇ. ಊರಿನವರಿಗೆ ಇದು ಯಾವತ್ತೂ ತೊಡಕಾಗಿಲ್ಲ. ಅವರು ಮಿಲ್ಟ್ರಿ ಸಿದ್ದಪ್ಪ, ಕೆರೆ ಹಿಂದ್ಲ ಸಿದ್ದಪ್ಪ, ಗಿಡ್ಡ ಸಿದ್ದಪ್ಪ ಎಂದು ಎಂದೋ ವಿಲೇವಾರಿ ಮಾಡಿದ್ದಾರೆ. ಸರ್ಕಾರ 'ಗಿಡ್ಡ' ಎಂಬ ಕಾಲಂ ಇಡುವ ಹಾಗಿಲ್ಲವಲ್ಲ, ಆದ್ದರಿಂದ ಪಹಣಿಗೆ ಆಧಾರ್ ಜೋಡಿಸುವ ಕೆಲಸವನ್ನು 2024ರಲ್ಲಿ ಊರೂರಿನಲ್ಲಿ ನಡೆಸಿತು. ಗ್ರಾಮ ಆಡಳಿತ ಅಧಿಕಾರಿ ಮೊಬೈಲು ಹಿಡಿದು ಕಟ್ಟೆಯ ಮೇಲೆ ಕೂತಾಗ ಸುತ್ತ ನೆರೆದವರು ಹೇಳುತ್ತಿದ್ದದ್ದು ಮತ್ತೆ ಅದೇ: "ಇದು ಮಿಲ್ಟ್ರಿಯೋರ್ದು ಸಾ, ಗಿಡ್ಡುಂದು ಕೆಳಗಡೆ ಐತೆ."

ಇನ್ನು ಕಾಗುಣಿತ. ಸಿದ್ದಪ್ಪನೋ ಸಿದ್ಧಪ್ಪನೋ ಎಂಬುದು ಬರೆದವರು ಯಾವ ಮೇಷ್ಟರ ಶಿಷ್ಯರು ಎಂಬುದರ ಮೇಲೆ ನಿಂತಿದೆ. ಅದಾದರೂ ಕಣ್ಣಿಗೆ ಕಾಣುವ ವ್ಯತ್ಯಾಸ. ಕಾಣದ್ದು ಇನ್ನೂ ಕೆಟ್ಟದ್ದು. ನಾನು ಒಂದು ಕಡೆ ಕೆಲಸ ಮಾಡುವಾಗ ರಂಗಪ್ಪ ಎಂಬುವರ ದಾಖಲೆ ಕಂಪ್ಯೂಟರಿನಲ್ಲಿ ಇತ್ತು, ಹುಡುಕಿದರೆ ಸಿಗುತ್ತಿರಲಿಲ್ಲ. ಪಟ್ಟಿ ಜರುಗಿಸುತ್ತ ಹೋದರೆ ಸ್ಪಷ್ಟವಾಗಿ ಕಾಣುತ್ತಾರೆ. ಹೆಸರು ಟೈಪ್ ಮಾಡಿ ಕೇಳಿದರೆ ಅಂಥವರು ಯಾರೂ ಇಲ್ಲ ಎನ್ನುತ್ತದೆ. ಇಡೀ ಮಧ್ಯಾಹ್ನ ಇಬ್ಬರು ಮೂವರು ತಲೆ ಕೆರೆದುಕೊಂಡೆವು. ಕೊನೆಗೆ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಅವುಗಳ ಯೂನಿಕೋಡ್ ಸಂಖ್ಯೆ ನೋಡಿದಾಗ ಕಳ್ಳ ಸಿಕ್ಕ. ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡದ ಸೊನ್ನೆಯ ಅಂಕಿಯನ್ನು ಒತ್ತಿದ್ದರು. ರಂಗಪ್ಪ, ರ೦ಗಪ್ಪ. ಇಲ್ಲಿ ಅಚ್ಚಾಗಿರುವ ಈ ಎರಡರಲ್ಲಿ ಒಬ್ಬರ ಹೊಟ್ಟೆಯಲ್ಲಿ ಅಂಕಿ ಇದೆ. ನಿಮಗೆ ಕಾಣದಿರಬಹುದು, ಮೆಷಿನ್ನಿಗೆ ಇವರು ಬೇರೆ ಬೇರೆ ಜನ. ಕನ್ನಡದಲ್ಲಿ ಈ ಸೊನ್ನೆಯ ಹಾವಳಿ ಎಷ್ಟಿದೆಯೆಂದರೆ, ಯಾವ ಹಳೆಯ ಪಟ್ಟಿ ಕೈಗೆ ಬಂದರೂ ನಾನು ಮೊದಲು ಅಕ್ಷರಗಳ ನಡುವೆ ಸಿಕ್ಕಿಕೊಂಡ ಸೊನ್ನೆಗಳನ್ನು ಆರಿಸಿ ತೆಗೆಯುತ್ತೇನೆ. ನಮ್ಮ ತಾಲ್ಲೂಕು ಹೊಳಲ್ಕೆರೆಯ 'ಹೊ' ಕೂಡ ಸಾಚಾ ಅಲ್ಲ. ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿ ಒಡೆದೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಸಮ ಮಾಡಿಕೊಳ್ಳದೆ ಹೋಲಿಸಿದರೆ ಒಂದು ತಾಲ್ಲೂಕು ಎರಡಾಗುತ್ತದೆ. ಇನ್ನು ಯೂನಿಕೋಡಿಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಕೂಡಿಟ್ಟ ಕನ್ನಡ; ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಟೋಪಿ, ಬಾಲಗಳ ಸಂತೆ. ಬೆಂಗಳೂರಿನ ತರಬೇತಿ ಕೇಂದ್ರಗಳಲ್ಲಿ ಇದರ ಬಗ್ಗೆ ಒಂದು ಗಂಟೆಯ ಪಾಠವೂ ಇಲ್ಲ.

ದಿನಾಂಕದ ಕಥೆ ಇದಕ್ಕಿಂತ ಸ್ವಾರಸ್ಯ. ನಮ್ಮ ಕಡೆಯ ಒಂದು ತಲೆಮಾರಿನವರ ಜನ್ಮದಿನಗಳನ್ನು ರಾಶಿ ಹಾಕಿದರೆ ಜೂನ್ 1ರಂದು ಗುಡ್ಡ ಏಳುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟರು ಕೈಯನ್ನು ತಲೆಯ ಮೇಲಿಂದ ಹಾಯಿಸಿ ಕಿವಿ ಮುಟ್ಟಿಸಿ ನೋಡಿ, ಶಾಲೆ ಶುರುವಾಗುವ ತಿಂಗಳಿಗೆ ಸರಿಹೋಗುವಂತೆ ಹುಟ್ಟಿಸಿದ ಮಕ್ಕಳು ಅವರು. ಶಾಲೆಗೇ ಹೋಗದವರಿಗೆ ಜನವರಿ 1. ನಮ್ಮಜ್ಜಿಯ ಲೆಕ್ಕ ಬೇರೆ: "ಮಾರಿಕಣಿವೆ ಕೋಡಿ ಬಿದ್ದ ವರ್ಷ ನಾನು ಕೈಗೂಸು." ಹಿರಿಯೂರಿನ ಹತ್ತಿರ 1907ರಲ್ಲಿ ಕಟ್ಟಿ ಮುಗಿಸಿದ ಆ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಬೀಳಲಿಲ್ಲ, 2022ರ ಸೆಪ್ಟೆಂಬರಿನಲ್ಲಿ ಮತ್ತೆ ಬಿತ್ತು. ಹಾಗಾಗಿ ಅಜ್ಜಿಯ ಹೇಳಿಕೆ ಅವಳ ರೇಷನ್ ಕಾರ್ಡಿಗಿಂತ ಗಟ್ಟಿ. ಕಾರ್ಡಿನಲ್ಲಿ ಇದ್ದ ವಯಸ್ಸನ್ನು ನಂಬಿದರೆ ಅವಳು ಕೋಡಿ ಬಿದ್ದು ವರ್ಷಗಳಾದ ಮೇಲೆ ಹುಟ್ಟಬೇಕಾಗುತ್ತದೆ.

ಗೊತ್ತಿಲ್ಲದ ದಿನಾಂಕದ ಜಾಗದಲ್ಲಿ ಜೂನ್ 1 ತುಂಬುವುದಕ್ಕಿಂತ ಖಾಲಿ ಬಿಡುವುದು ಮರ್ಯಾದೆ. ಅದಕ್ಕೆಂದೇ ಡೇಟಾಬೇಸಿನಲ್ಲಿ 'ನಲ್' ಎಂಬುದೊಂದಿದೆ. ಅದು ಸೊನ್ನೆಯಲ್ಲ, ಖಾಲಿ ಅಕ್ಷರವೂ ಅಲ್ಲ, ಗೊತ್ತಿಲ್ಲ ಎಂದಷ್ಟೇ ಅದರ ತಾತ್ಪರ್ಯ. ಹೊಸದಾಗಿ ಕಲಿಯುವವರು ಇಲ್ಲಿ ಮುಗ್ಗರಿಸುವಷ್ಟು ಬೇರೆಲ್ಲೂ ಮುಗ್ಗರಿಸುವುದಿಲ್ಲ. ಒಂದು ನಲ್ ಇನ್ನೊಂದು ನಲ್‌ಗೆ ಸಮವೇ ಎಂದು ಕೇಳಿದರೆ ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್ ಹೌದು ಎನ್ನುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ. ಹುಡುಗರಿಗೆ ಇದು ಹಟಮಾರಿತನದ ಹಾಗೆ ಕಾಣುತ್ತದೆ. ನಾನು ಅವರಿಗೆ ಇಬ್ಬರು ಅಜ್ಜಿಯರನ್ನು ತೋರಿಸುತ್ತೇನೆ. ನಮ್ಮಜ್ಜಿಗೂ ಹುಟ್ಟಿದ ದಿನ ಗೊತ್ತಿಲ್ಲ, ಪಕ್ಕದ ಮನೆಯ ಅಜ್ಜಿಗೂ ಗೊತ್ತಿಲ್ಲ. ಹಾಗಂತ ಇಬ್ಬರೂ ಒಂದೇ ದಿನ ಹುಟ್ಟಿದರು ಎನ್ನಬಹುದಾ? ಬೇರೆ ಬೇರೆ ದಿನ ಹುಟ್ಟಿದರು ಎನ್ನಬಹುದಾ? ಇಷ್ಟು ಹೇಳಿದರೆ ಸಾಕು, ಎಷ್ಟೋ ಪುಟಗಳ ವಿವರಣೆ ಬೇಡ.

ರಾತ್ರಿಯ ವಿಷಯಕ್ಕೆ ಬರುತ್ತೇನೆ. ಕೊರೊನಾ ಕಾಲದಿಂದ ನಾನು ತಿಂಗಳಿನ ಬಹುಭಾಗ ರಾಮಗಿರಿಯಿಂದಲೇ ಕೆಲಸ ಮಾಡುತ್ತೇನೆ. ಜನ ಬಳಸುತ್ತಿರುವ ಡೇಟಾಬೇಸನ್ನು ಹಗಲು ಮುಟ್ಟುವಂತಿಲ್ಲ. ಅಪ್‌ಗ್ರೇಡ್, ದೊಡ್ಡ ಇಂಡೆಕ್ಸ್, ಡಿಸ್ಕ್ ಬದಲಾವಣೆ ಎಲ್ಲಕ್ಕೂ ರಾತ್ರಿ ಒಂದು ಗಂಟೆಯ ಮೇಲೆ ಮುಹೂರ್ತ. ಬೆಂಗಳೂರಿನಲ್ಲಿದ್ದಾಗ ಆ ಹೊತ್ತಿಗೆ ಎಚ್ಚರವಿರುವವಳು ನಾನೊಬ್ಬಳೇ ಎಂಬ ಭಾವನೆ ಇತ್ತು. ಇಲ್ಲಿ ಅದು ಹೋಯಿತು. ನಮ್ಮ ಕಡೆ ತೋಟದ ಬೋರ್‌ವೆಲ್ಲಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ರಾತ್ರಿ ಪಾಳಿ ಇದ್ದರೆ ಅರ್ಧ ಊರು ಎದ್ದಿರುತ್ತದೆ. ಕೆಲಸ ಅರ್ಧಕ್ಕೆ ಬಂದಿರುವಾಗ ಅಂಗಳದಲ್ಲಿ ಬ್ಯಾಟರಿ ಬೆಳಕು. "ಇನ್ನೂ ಮಲಗಿಲ್ವೇನವ್ವಾ?" "ಇಲ್ಲ ದೊಡ್ಡಪ್ಪ, ಮೂರು ಗಂಟೆವರ್ಗೂ ಐತೆ." "ನಂದೂ ಅಲ್ಲೀತನ್ಕ" ಎಂದು ಅಡಿಕೆ ತೋಟಕ್ಕೆ ನೀರು ತಿರುಗಿಸಲು ಹೋಗುತ್ತಾರೆ. ವೋಲ್ಟೇಜ್ ಬಿದ್ದು ಮೋಟರು ಸುಡುವ ಭಯ ಅವರಿಗೆ. ನನ್ನ ಭಯ ಬೇರೆ.

ಅದನ್ನು ಹೇಳಲು ಗಿಟ್‌ಲ್ಯಾಬ್ ಕಂಪನಿಯ ಕಥೆಯೇ ಸರಿ, ಅವರೇ ಮುಚ್ಚುಮರೆಯಿಲ್ಲದೆ ಜಗತ್ತಿಗೆ ಹೇಳಿಕೊಂಡದ್ದು. 2017ರ ಜನವರಿ 31ರ ರಾತ್ರಿ ಅವರ ಎಂಜಿನಿಯರ್ ಒಬ್ಬರು ಕೆಟ್ಟುಹೋದ ಪ್ರತಿಯೊಂದನ್ನು ಅಳಿಸಿ ಹೊಸದಾಗಿ ಕಟ್ಟಲು ಹೊರಟಿದ್ದರು. ಅಳಿಸುವ ಆಜ್ಞೆ ಕೊಟ್ಟದ್ದು ಪ್ರತಿಯ ಮೇಲಲ್ಲ, ಅಸಲಿನ ಮೇಲೆ. ಗೊತ್ತಾಗಿ ತಡೆಯುವಷ್ಟರಲ್ಲಿ ಸುಮಾರು 300 ಜಿಬಿ ಮಾಯ. ಬ್ಯಾಕಪ್ಪಿಗೆಂದು ಐದು ಬಗೆಯ ಏರ್ಪಾಡುಗಳಿದ್ದವು, ಆ ಹೊತ್ತಿಗೆ ಸರಿಯಾಗಿ ಒದಗಿದ್ದು ಒಂದೂ ಇಲ್ಲ. ಒಂದು ಏರ್ಪಾಡಂತೂ ಕೆಲಸ ನಿಲ್ಲಿಸಿ ಎಷ್ಟೋ ದಿನವಾಗಿತ್ತು. ಕೆಲಸ ಆಗುತ್ತಿಲ್ಲ ಎಂದು ಅದು ಕಳಿಸುತ್ತಿದ್ದ ಇಮೇಲುಗಳೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಬೇರೇನೋ ಪರೀಕ್ಷೆಗೆಂದು ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಒಂದು ನಕಲಿತ್ತು. ಅದರಿಂದ ಎದ್ದು ನಿಂತರು, ಆ ಆರು ಗಂಟೆಯ ಬರಹ ಹೋಯಿತು. ಎದ್ದು ನಿಲ್ಲುವುದನ್ನು ಯೂಟ್ಯೂಬಿನಲ್ಲಿ ನೇರಪ್ರಸಾರವನ್ನೂ ಮಾಡಿದರು, ಅದಕ್ಕೆ ಎದೆಗಾರಿಕೆ ಬೇಕು. ಅಂದಿನಿಂದ ನಮ್ಮ ಕಸುಬಿನಲ್ಲಿ ಯಾರಾದರೂ "ಬ್ಯಾಕಪ್ ಇದೆ" ಎಂದರೆ, "ಅದರಿಂದ ವಾಪಸ್ ಕಟ್ಟಿ ನೋಡಿದ್ದು ಯಾವಾಗ?" ಎಂದು ಕೇಳುತ್ತೇವೆ. ನನ್ನ ರಾತ್ರಿಗಳಲ್ಲಿ ಬಹಳಷ್ಟು ಹೋಗುವುದು ಹೀಗೆ ಬ್ಯಾಕಪ್ಪನ್ನು ಇನ್ನೊಂದು ಮೆಷಿನ್ನಿನಲ್ಲಿ ಇಳಿಸಿ, ಎಣಿಸಿ, ತಾಳೆ ನೋಡುವುದರಲ್ಲಿ. ಇದಕ್ಕೆ ಶಹಬ್ಬಾಸ್ ಎನ್ನುವವರಿಲ್ಲ. ಏನೂ ಆಗದಿದ್ದರೆ ಏನೂ ಕೆಲಸ ಮಾಡಿಲ್ಲ ಎಂದೇ ಲೆಕ್ಕ.

ಪ್ರತಿಗಳ ಮಾತು ಬಂದರೆ ನನಗೆ ನಮ್ಮ ಜಿಲ್ಲೆಯ ಇನ್ನೊಂದು ಮೂಲೆ ನೆನಪಾಗುತ್ತದೆ. ಮೊಳಕಾಲ್ಮೂರು ಕಡೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಹತ್ತಿರ ಹತ್ತಿರದ ಮೂರು ಜಾಗಗಳಲ್ಲಿ ಅಶೋಕನ ಶಾಸನ ಕೆತ್ತಿಸಿದ್ದಾರೆ. ಬಿ. ಎಲ್. ರೈಸ್ ಅವನ್ನು ಬೆಳಕಿಗೆ ತಂದದ್ದು 1892ರಲ್ಲಿ. ಮೂರರಲ್ಲೂ ಹೆಚ್ಚುಕಡಿಮೆ ಅದೇ ಮಾತು. ಜಟಿಂಗ ರಾಮೇಶ್ವರದ ಬಂಡೆ ಬಹಳ ಸವೆದಿದೆ. ಅಲ್ಲಿ ಹೋದ ಅಕ್ಷರಗಳನ್ನು ಉಳಿದೆರಡನ್ನು ನೋಡಿ ತುಂಬಿಕೊಳ್ಳಬಹುದು. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ಮೇಲಿನದೆಲ್ಲ ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ವಾಯವ್ಯ ದಿಕ್ಕಿನ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಹಾಕಿದ್ದಾನೆ. ಬೇರೆ ಬೇರೆ ಜಾಗದಲ್ಲಿ ಮೂರು ಪ್ರತಿ, ಜೊತೆಗೆ ಬರೆದವರು ಯಾರೆಂಬ ದಾಖಲೆ. ಇವತ್ತಿಗೂ ನಮ್ಮ ಆಡಿಟ್‌ಗೆ ಬರುವವರು ಕೇಳುವುದು ಈ ಎರಡನ್ನೇ. ಚಪಡ ಪಾಸಾಗುತ್ತಾನೆ.

ಕಲಿಯುವುದರ ಬಗ್ಗೆ ಹುಡುಗರು ಕೇಳುತ್ತಿರುತ್ತಾರೆ. ಭಾಷೆಯ ಮಟ್ಟಿಗೆ ನಮ್ಮದು ಪುಣ್ಯದ ಕಸುಬು. ಎಡ್ಗರ್ ಕಾಡ್ ಎಂಬುವರು ಐಬಿಎಮ್‌ನಲ್ಲಿದ್ದಾಗ 1970ರಲ್ಲಿ ಮಾಹಿತಿಯನ್ನೆಲ್ಲ ಸಾಲು, ಕಾಲಂಗಳ ಟೇಬಲುಗಳಲ್ಲಿ ಇಡುವ ಸಿದ್ಧಾಂತ ಬರೆದರು. ಅದರ ಮೇಲೆ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು 1974ರಲ್ಲಿ ಎಸ್‌ಕ್ಯೂಎಲ್ಲಿನ ಮೂಲರೂಪ ಕಟ್ಟಿದರು. ಸಾಫ್ಟ್‌ವೇರಿನಲ್ಲಿ ಮೂರು ವರ್ಷಕ್ಕೊಮ್ಮೆ ಎಲ್ಲ ಮರೆತು ಹೊಸದಾಗಿ ಕಲಿ ಎನ್ನುವಾಗ, ಈ ಒಂದು ಭಾಷೆ ಮಾತ್ರ ಕಲಿತವರನ್ನು ಐವತ್ತು ವರ್ಷ ಸಾಕಿದೆ. ಈಗ ಎಐ ಬಂದು ಕೇಳಿದ ಕ್ವೆರಿಯನ್ನು ಬರೆದೇ ಕೊಡುತ್ತದೆ, ಚೆನ್ನಾಗಿಯೇ ಬರೆಯುತ್ತದೆ. ನಾನೂ ಬಳಸುತ್ತೇನೆ. ಆದರೆ ರಂಗಪ್ಪನ ಹೊಟ್ಟೆಯ ಸೊನ್ನೆಯನ್ನು ಕೇಳದೆ ಅದು ಹೇಳುವುದಿಲ್ಲ. ಕೇಳಬೇಕೆಂದು ಹೊಳೆಯಲು ರಂಗಪ್ಪನಿಗಾಗಿ ಒಂದು ಮಧ್ಯಾಹ್ನ ಹಾಳುಮಾಡಿಕೊಂಡಿರಬೇಕು.

ಕಳೆದ ರಜೆಯಲ್ಲಿ ಅಣ್ಣನ ಮಗ ಲ್ಯಾಪ್‌ಟಾಪ್ ಹಿಡಿದು ಬಂದ. ದಾವಣಗೆರೆಯಲ್ಲಿ ಓದುತ್ತಿದ್ದಾನೆ. "ಅತ್ತೆ, ಎಸ್‌ಕ್ಯೂಎಲ್ ಪ್ರ್ಯಾಕ್ಟೀಸ್ ಮಾಡೋಕೆ ಡೇಟಾ ಬೇಕು" ಎಂದ. ಕಾಲೇಜಿನಲ್ಲಿ ಅವನಿಗೆ ಕೊಟ್ಟದ್ದು ಆರಾಕಲ್ ಕಲಿತವರೆಲ್ಲ ತಿರುವಿಹಾಕಿರುವ ಅದೇ ಹಳೆಯ ನೌಕರರ ಟೇಬಲು. ಹದಿನಾಲ್ಕು ಜನ, ಕಿಂಗ್‌ನ ಸಂಬಳ 5000, ಸ್ಮಿತ್‌ನದು 800. ನಾನು ಓದುವಾಗಲೂ ಸ್ಮಿತ್‌ಗೆ 800 ಇತ್ತು. ಪ್ರಪಂಚದಲ್ಲಿ ಲಕ್ಷಾಂತರ ವಿದ್ಯಾರ್ಥಿಗಳು ಅವನ ಸಂಬಳ ಹೆಚ್ಚಿಸುವ ಕ್ವೆರಿ ಬರೆದರೂ ಪಾಪದವನಿಗೆ ಇನ್‌ಕ್ರಿಮೆಂಟ್ ದಕ್ಕಿಲ್ಲ. ಸ್ಮಿತ್‌ನನ್ನು ಬಿಡು, ತಾತನ ಟ್ರಂಕಿನಲ್ಲಿ ಪಹಣಿಗಳಿವೆ, ನಮ್ಮ ಮನೆಯ ಜಮೀನಿನ ಟೇಬಲು ಮಾಡು ಎಂದೆ.

ಅರ್ಧ ಗಂಟೆಯಲ್ಲಿ ಮಾಡಿದ. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ. ಮೂರು ಸಾಲು: 1.39, 2.25, 0.38. ಒಟ್ಟು ಹಾಕಿದ. 4.02 ಬಂತು. ಹೆಮ್ಮೆಯಿಂದ ದೊಡ್ಡಪ್ಪನಿಗೆ ತೋರಿಸಿದ: "ತಾತ, ನಮ್ಮದು ನಾಲ್ಕು ಎಕರೆ ಎರಡು ಗುಂಟೆ."

ದೊಡ್ಡಪ್ಪ ತೆರೆಯ ಕಡೆ ನೋಡಲೇ ಇಲ್ಲ. "ಒಂದೂವರೆ ಎಕರೆ ಯಾರಿಗ್ ಕೊಟ್ಟೋ?" ಎಂದರು.

ಹುಡುಗ ಕಂಗಾಲಾದ. ಮತ್ತೆ ಕೂಡಿಸಿದ, ಮತ್ತೆ 4.02. ದೊಡ್ಡಪ್ಪನ ಲೆಕ್ಕ ಹೀಗಿತ್ತು: ಒಂದು ಎಕರೆ ಮೂವತ್ತೊಂಬತ್ತು ಗುಂಟೆ ಅಂದರೆ ಎರಡು ಎಕರೆಗೆ ಒಂದು ಗುಂಟೆ ಕಮ್ಮಿ. ಮೂವತ್ತೆಂಟು ಗುಂಟೆ ಅಂದರೆ ಒಂದು ಎಕರೆಗೆ ಎರಡು ಕಮ್ಮಿ. ಎರಡೂ ಸೇರಿ ಮೂರು ಎಕರೆಗೆ ಮೂರು ಗುಂಟೆ ಕಮ್ಮಿ. ಅದಕ್ಕೆ ಎರಡು ಎಕರೆ ಇಪ್ಪತ್ತೈದು ಸೇರಿಸು, ಮೂರು ಕಳೆ. ಐದು ಎಕರೆ ಇಪ್ಪತ್ತೆರಡು ಗುಂಟೆ. ಬೆರಳು ಕೂಡ ಮಡಚಲಿಲ್ಲ. ಎಕರೆಗೆ ನಲವತ್ತು ಗುಂಟೆ ಎಂಬುದು ಹುಡುಗನಿಗೆ ಗೊತ್ತಿಲ್ಲದ್ದೇನಲ್ಲ. ಚುಕ್ಕೆ ಇಟ್ಟ ತಕ್ಷಣ ಅದು ದಶಮಾಂಶ ಎಂದು ಮೆಷಿನ್ನೂ ಅವನೂ ಸೇರಿ ತೀರ್ಮಾನ ಮಾಡಿಕೊಂಡಿದ್ದರು, ಅಷ್ಟೇ. 1.39ರ ಮುಂದಿನ ಸಂಖ್ಯೆ 1.40 ಎನ್ನುತ್ತದೆ ಮೆಷಿನ್ನು. ನೆಲದ ಮೇಲೆ ಅದು 2.00.

ಎಕರೆ, ಗುಂಟೆಗಳನ್ನು ಎರಡು ಕಾಲಂ ಮಾಡಲು ಹೊರಟ. ಗುಂಟೆಗೆ ಹದಿನಾರು ಆಣೆ ಇದೆಯಲ್ಲ, ಅದಕ್ಕೊಂದು ಕಾಲಮ್ಮಾ ಎಂದೆ. ಕೊನೆಗೆ ಎಲ್ಲವನ್ನೂ ಆಣೆಗೆ ಇಳಿಸಿ ಪೂರ್ಣಾಂಕದಲ್ಲಿ ಇಡುವುದು, ತೋರಿಸುವಾಗ ಮಾತ್ರ ಎಕರೆ ಗುಂಟೆ ಮಾಡುವುದು ಎಂದು ಅವನೇ ಕಂಡುಕೊಂಡ. ಎಕರೆಗೆ 640 ಆಣೆ. ಬ್ಯಾಂಕಿನವರು ರೂಪಾಯಿಯನ್ನು ಪೈಸೆಯಲ್ಲಿ ಇಡುವ ಉಪಾಯವೇ ಇದು, ಪುಸ್ತಕದಲ್ಲಿ ಹುಡುಕಿದರೂ ಸಿಕ್ಕೀತು, ಆದರೆ ಒಂದೂವರೆ ಎಕರೆ ಕಳೆದುಕೊಂಡು ಕಲಿತದ್ದು ಗಟ್ಟಿ ಕೂರುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. 2-25ರಲ್ಲಿ ಬ ಖರಾಬು ಎಷ್ಟು? ಅದು ಹಳ್ಳಕ್ಕೆ, ದಾರಿಗೆ ಬಿಟ್ಟದ್ದು, ನಮ್ಮದಲ್ಲ. ಇನ್ನೊಂದು ಕಾಲಂ. 0-38 ಚಿಕ್ಕಜ್ಜನ ಮಕ್ಕಳ ಜೊತೆ ಜಂಟಿ, ಪೋಡಿ ಆಗಿಲ್ಲ. ಹಾಗಾದರೆ ಮಾಲೀಕರದೇ ಬೇರೆ ಟೇಬಲು, ಯಾರಿಗೆ ಯಾವ ನಂಬರು ಎಂಬುದು ಮೂರನೆಯ ಟೇಬಲು. ಮಾಲೀಕರಲ್ಲಿ ಒಬ್ಬರು ತೀರಿಕೊಂಡು ವರ್ಷಗಳಾಗಿವೆ, ಪೌತಿ ಖಾತೆ ಆಗಿಲ್ಲ, ಆದ್ದರಿಂದ ದಾಖಲೆಯಲ್ಲಿ ಅವರಿನ್ನೂ ಮಾಲೀಕರು. ಅಳಿಸಲೇ ಎಂದ. ಅಳಿಸಬೇಡ, ಇಲ್ಲಿಂದ ಇಲ್ಲಿಯವರೆಗೆ ಎಂದು ತಾರೀಖು ಹಾಕು ಎಂದೆ. ಪಹಣಿಯ 11ನೇ ಕಾಲಮ್ಮಿನಲ್ಲಿ ಎಂದೋ ತೀರಿಸಿದ ಸೊಸೈಟಿ ಸಾಲ ಹಾಗೇ ಕೂತಿತ್ತು. ಸರ್ವೆಯವರ ಆಕಾರ್‌ಬಂದಿನ ವಿಸ್ತೀರ್ಣಕ್ಕೂ ಪಹಣಿಯದಕ್ಕೂ ಒಂದು ನಂಬರಿನಲ್ಲಿ ಎರಡು ಗುಂಟೆ ವ್ಯತ್ಯಾಸ. "ಇದರಲ್ಲಿ ಯಾವುದು ಸರಿ ಅತ್ತೆ?" ಎಂದು ಕೇಳಿದ. ಎರಡನ್ನೂ ಇಡು, ಯಾವುದು ಎಲ್ಲಿಂದ ಬಂತು ಎಂದು ಬರೆದಿಡು ಎಂದೆ. ಸಂಜೆಯ ಹೊತ್ತಿಗೆ ಸೆಮಿಸ್ಟರಿನ ಅರ್ಧ ಸಿಲಬಸ್ಸು ಟ್ರಂಕಿನಿಂದ ಹೊರಗೆ ಬಂದಿತ್ತು.

ಎಲ್ಲ ಆಯಿತು ಎಂದು ಅವನು ಮುಚ್ಚುವಾಗ ದೊಡ್ಡಪ್ಪ, "ಬದುವಿನ ಆಚೆ ಎರಡು ತೆಂಗಿನ ಮರ ಅವಲ್ಲ, ಅದನ್ನೆಲ್ಲಿ ಬರ್ಕಂಡಿದೀಯ?" ಎಂದರು.

"ಅದು ಪಕ್ಕದವರ ಜಮೀನು ತಾತ."

"ಜಮೀನು ಅವರ್ದು, ಮರ ನಮ್ದು. ನಮ್ಮಪ್ಪ ನೆಟ್ಟಿದ್ದು. ಕಾಯಿ ನಾವು ಕೆಡವ್ತೀವಿ, ಗರಿ ಅವರು ತಗಂತಾರೆ."

ಮರಗಳಿಗೆಂದು ಪಹಣಿಯಲ್ಲಿ ಒಂದು ಕಾಲಂ ಇದೆ. ನಮ್ಮದರಲ್ಲಿ ಖಾಲಿ, ಪಕ್ಕದವರದರಲ್ಲೂ ಖಾಲಿ ಇರಬೇಕು.

"ಇದಕ್ಕೆ ಪುರಾವೆ ಏನೈತೆ ತಾತ?"

"ಯಾಕೆ, ನಾನಿಲ್ವೇನೋ?"

ಹುಡುಗ ನನ್ನ ಮುಖ ನೋಡಿದ. ನಾನೇನೂ ಹೇಳಲಿಲ್ಲ. ಕೊನೆಗೆ 'ಷರಾ' ಎಂದು ಒಂದು ಕಾಲಂ ಸೇರಿಸಿ ತೆಂಗಿನ ಮರಗಳನ್ನು ಅಲ್ಲಿ ಹಾಕಿದ. ಆಮೇಲೆ ದೊಡ್ಡಪ್ಪನಿಗೆ ಬಾವಿಯ ಪಾಲು ನೆನಪಾಯಿತು, ಗಾಡಿದಾರಿಯ ಮಾತು ನೆನಪಾಯಿತು, 2-25ರ ಮೂಡಲ ಬದುವನ್ನು ಯಾರು ಯಾವಾಗ ಒಂದು ಮೊಳ ಒತ್ತಿದರು ಎಂಬುದು ನೆನಪಾಯಿತು. ಷರಾ ಕಾಲಮ್ಮಿಗೆ ಮೊದಲು 255 ಅಕ್ಷರ ಇಟ್ಟಿದ್ದ. ಬಾವಿಗೇ ಅದು ಮುಗಿದುಹೋಗಿ, ಮಿತಿಯೇ ಇಲ್ಲದ ಟೆಕ್ಸ್ಟ್ ಮಾಡಿಕೊಂಡಿದ್ದಾನೆ. ಈಗಲೂ ವಾರಕ್ಕೊಮ್ಮೆ ದಾವಣಗೆರೆಗೆ ಫೋನು ಹೋಗುತ್ತದೆ: "ಇನ್ನೊಂದು ಮರ್ತಿದ್ದೆ, ಬರ್ಕ."